ಕಾರಣ ಬರೆಯೋ ಜಾಗ

ಮೂರನೇ ಬ್ಯಾಟರಿನೂ ಸತ್ತಮ್ಯಾಲೆ
ಸಾಬಣ್ಣ ಅಂಬಿಗೇರ ನನ್ನ ಅಂಗಡಿಗೆ ಬಂದ.
ತಳ್ಳೋ ಗಾಡಿಮ್ಯಾಲೆ ದೋಣಿಯ ಮೋಟರು,
ಗೋಣಿಚೀಲ ಹೊದ್ದು, ಜ್ವರದ ಕೂಸಿನಂಗ.
"ಬ್ಯಾಟರಿ ಮಾಡೋವ್ರೆಲ್ಲಾ ಕಳ್ಳರಾಗ್ಯಾರಕ್ಕಾ."

ದಾನಮ್ಮ ಮೋಟರ್ ವೈಂಡಿಂಗ್, ಕೊಲ್ಹಾರ.
ಬೋರ್ಡಿನ ಮ್ಯಾಲಿನ ದಾನಮ್ಮ ನಾನಽ.
ಅಪ್ಪ ಅದನ್ನ ಬರೆಸಿದಾಗ ನನಗ ಆರು ವರ್ಷ;
ಈಗ ತಾಮ್ರದ ತಂತಿ ಸುತ್ತಾಕಿನೂ ನಾನಽ.
ಪಂಪಸೆಟ್ಟು, ಹಿಟ್ಟಿನ ಗಿರಣಿ, ಕಬ್ಬಿನ ಹಾಲಿನ ಮಶೀನು
ಬರತಾವು, ಹೋಗತಾವು. ದೋಣಿದು ಇದಽ ಮೊದಲು.

ಡ್ರಮ್ಮಿಗೆ ನೀರು ತುಂಬಿ ಮೋಟರಿನ ಕಾಲು ಇಳಿಬಿಟ್ವಿ.
ನನ್ನ ಬ್ಯಾಟರಿಲೆ ಎಬ್ಬಿಸಿ, ಅವನ್ದು ಜೋಡಿಸಿ, ಮೀಟರು ಹಚ್ಚಿದೆ:
ಹನ್ನೆರಡು ಪಾಯಿಂಟ್ ಒಂದು.
ಗ್ಯಾಸು ಏರಿಸಿದೆ. ಅದಽ ಹನ್ನೆರಡು ಪಾಯಿಂಟ್ ಒಂದು.
ಹದಿನಾಲ್ಕರ ಹತ್ರ ಉಕ್ಕಿ ಬರಬೇಕಿತ್ತು,
ಒಲಿಮ್ಯಾಲಿನ ಹಾಲಿನಂಗ.

"ಬ್ಯಾಟರಿ ಬೈಬ್ಯಾಡ," ಅಂದೆ.
"ಉಣ್ಣಾಕ ಹಾಕದ ಮನ್ಯಾಗ ಕೂಸು ಸೊರಗಿದ್ರ
ಕೂಸಿನ ತಪ್ಪೇನು?"

ಮ್ಯಾಲಿನ ಗಾಲಿ ಕಿತ್ತು ನೋಡಿದೆ.
ಸುರುಳಿಯ ಮೈಮ್ಯಾಲಿನ ಮೇಣ, ಮೂವತ್ತು ವರ್ಷದ ಬಿಸಿಗೆ
ಬೆಲ್ಲದ ಪಾಕದಂಗ ಇಳಿದು ಹೆಪ್ಪುಗಟ್ಟಿತ್ತು.
ಸುಟ್ಟದ, ಎರಡು ದಿನದ ಕೂಲಿ ಬಂತು ಅಂತ
ಒಳಗೊಳಗ ಖುಷಿನೂ ಆತು, ಸುಳ್ಳ್ಯಾಕ ಹೇಳಲಿ?
ಗಾಲಿ ತಿರುಗಿ ಹಾಕಿ, ಹಳದಿ ವೈರು ಬಿಚ್ಚಿ, ಓಡಿಸಿ ಅಳೆದ್ರ
ಇಪ್ಪತ್ತಾರು ವೋಲ್ಟು!
ದುಡಿಯೋವ ದುಡಿಯಾಕತ್ತಾನ.
ಗಳಿಕಿ ಮನಿ ಮುಟ್ಟವಲ್ದು.

ನಡುವ ಇರೋದು ಒಂದು ಬೆಂಕಿಪೆಟ್ಟಿಗೆಯಷ್ಟು ಡಬ್ಬಿ,
ರೆಕ್ಟಿಫೈಯರು.
ನಾಕು ಬಾಗಲಾ ಅದಕ್ಕ. ಬರೋವ್ರನ್ನ ಬಿಡತಾವು,
ಹೊರಳಿ ಹೋಗೋವ್ರನ್ನ ಬಿಡಂಗಿಲ್ಲ.
ಒಂದೊಂದಾಗಿ ತಟ್ಟಿದೆ. ಎರಡು ಹಾರು ಹೊಡದಿದ್ದು.

"ಇದು ಸುಮ್‌ಸುಮ್ಮನ ಸಾಯಂಗಿಲ್ಲ ಸಾಬಣ್ಣ.
ಮೋಟರು ಓಡುವಾಗ ಬ್ಯಾಟರಿ ಯಾರು ಕಿತ್ತರು?"

ಅಂವಾ ಡ್ರಮ್ಮಿನ ನೀರು ನೋಡಿದ. ಎಣ್ಣಿ ಬಣ್ಣಬಣ್ಣದ್ದು ತೇಲಾಕತ್ತಿತ್ತು.
ಬಲಗೈ ಎತ್ತಿದ; ಅದು ಎದಿತನಕ ಬಂದು ನಿಂತಿತು.
"ಈ ಕೈಲೆ ಹಗ್ಗಾ ಜಗ್ಗಾಕ ಆಗೂದಿಲ್ಲಕ್ಕಾ.
ಬಂದ್ ಮಾಡಿದ್ರ ನಡುನೀರಾಗ ನಾನೂ ನಿಲ್ಲತಿದ್ದೆ.
ಅದಕಽ, ಓಡ್ಲಿ ಅಂತ ಬಿಟ್ಟು, ಬಿಚ್ಚಿ ಕೊಟ್ಟೆ."
ಯಾರಿಗೆ?
"ಹುಚ್ಚೇಶಿಗೆ."

ಹುಚ್ಚೇಶಿ ಇವನ ಬೆನ್ನಿಗೆ ಬಿದ್ದ ತಮ್ಮ.
ಮುಳುಗಿದ ಮನಿಯ ಪರಿಹಾರದ ರೊಕ್ಕ ಬಂದ ವರ್ಷದಿಂದ
ಒಂದಽ ಹಿನ್ನೀರು, ಎರಡು ಬಲಿ, ಮಾತಿಲ್ಲ.
ಅವತ್ತು ಗಾಳಿ ಎದ್ದಿತ್ತಂತ.
ನೀರೊಳಗಿನ ಜಾಲಿಗಿಡಕ್ಕ ತಮ್ಮನ ದೋಣಿ ಸಿಕ್ಕಿತ್ತಂತ.
"ಅಂವಾ ಕೇಳಲಿಲ್ಲ. ನಾನೂ ಏನೂ ಅನ್ನಲಿಲ್ಲ.
ಮೀನಿನ ಬುಟ್ಟ್ಯಾಗ ಇಟ್ಟು ಸರಿಸಿದೆ.
ಚಾಲೂ ಆತು, ಬಿಚ್ಚಿ ತಿರುಗಿ ಕೊಟ್ಟ.
ಬುಟ್ಟ್ಯಾಗ ಒಂದು ಬೀಡಿಕಟ್ಟು ಇತ್ತು.
ನಾ ಬೀಡಿ ಸೇದಂಗಿಲ್ಲ, ಅವಗ ಗೊತ್ತೈತಿ.
ಇಟ್ಟೀನಿ."

ಸ್ಕ್ರೂ ತಿರುವೋದು ನಿಲ್ಲಿಸಿದೆ.
ಓಡೋ ಮೋಟರಿನಿಂದ ಅವನೂ ಬಿಚ್ಚಿದ ಅಂದ್ರ—
"ಸಾಬಣ್ಣ, ಅವನ್ದೂ ಸುಟ್ಟಿರಬೇಕು."
"ಹೂಂ," ಅಂದ ಬಾಳ ಹೊತ್ತಿನ ಮ್ಯಾಲೆ.
"ಅವನೂ ಎರಡು ಬ್ಯಾಟರಿ ತಂದಾನಂತ.
ಅಂಗಡಿಯವ್ರನ್ನ ಬೈಕೋತ ತಿರುಗತಾನಂತ."

ಡಬ್ಬಿ ಬದಲಿಸಿದೆ. ಬುಡಕ್ಕ ಬಿಳಿ ಮುಲಾಮು,
ನೆಲದ ವೈರಿನ ತುಕ್ಕು ಉಪ್ಪುಕಾಗದಲೆ ತಿಕ್ಕಿ
ಓಡಿಸಿದೆ: ಹನ್ನೆರಡೂವರಿ. ಹದಿಮೂರು.
ಹದಿಮೂರು ಪಾಯಿಂಟ್ ಎಂಟು.
ಸಾಬಣ್ಣ ಮೀಟರು ಓದಲಾರ;
ನನ್ನ ಮಾರಿ ಓದಿದ.

ಬಿಲ್ಲು ಬರೆದೆ. ರೆಕ್ಟಿಫೈಯರು, ಎರಡು.
ಅಂವಾ "ಎರಡ್ಯಾಕ" ಅನ್ನಲಿಲ್ಲ.
ಒಂದನ್ನ ಕಾಗದದಾಗ ಸುತ್ತಿ ಎಡಗೈಲೆ ಕಿಸೆಕ್ಕ ಇಳಿಸಿದ.

ನನ್ನ ಬಿಲ್ಲಿನ್ಯಾಗ ಕಾರಣ ಬರೆಯೋ ಜಾಗ ಒಂದೈತಿ,
ಅಪ್ಪನ ಕಾಲದ್ದು, ಖಾಲಿ ಬಿಟ್ಟದ್ದಿಲ್ಲ.
ಪೆನ್ನು ಹಿಡಕೊಂಡು ಒಂದಿಷ್ಟು ಹೊತ್ತು ಕುಂತೆ.
"ನೀರು ತಾಗಿ" ಅಂತ ಬರೆದೆ.